ಎ.ಇ.ಎಚ್. ಎಂಬ ಹಳೆಯ ಹೆಸರು: ಅನಿಲದಿಂದ ವಿದ್ಯುತ್ತಿಗೆ ಹೊರಳುವ ಮನೆಗಳ ಲೆಕ್ಕಾಚಾರ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವಾಸಿಸುವ ನಮ್ಮ ಸದಸ್ಯರು ತಮ್ಮ ಮನೆಯ ವಿದ್ಯುತ್ ಬಿಲ್ಲನ್ನು ಒಮ್ಮೆ ತೆಗೆದು ನೋಡಬೇಕೆಂದು ಕೋರುತ್ತೇನೆ. ಆರ್.ಆರ್. ಸಂಖ್ಯೆಯ ನಡುವೆ ‘ಎ.ಇ.ಎಚ್.’ ಎಂಬ ಮೂರು ಅಕ್ಷರಗಳು ಅನೇಕರಿಗೆ ಕಾಣಸಿಗುತ್ತವೆ. ‘ಆಲ್ ಎಲೆಕ್ಟ್ರಿಕ್ ಹೋಮ್’ ಎಂಬುದರ ಸಂಕ್ಷಿಪ್ತ ರೂಪವದು. ಇದು ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯ ಕಾಲದ ವರ್ಗೀಕರಣ. ಬರಿಯ ದೀಪ, ಫ್ಯಾನುಗಳಿಗೆ ಸಂಪರ್ಕ ಪಡೆದ ಮನೆಯೇ ಬೇರೆ, ದೀಪದೊಡನೆ ಒಲೆ, ಗೀಸರು, ಮೋಟಾರುಗಳನ್ನೂ ವಿದ್ಯುತ್ತಿನಿಂದ ನಡೆಸುವ ಮನೆಯೇ ಬೇರೆ. ಎರಡನೆಯದು ಎ.ಇ.ಎಚ್. ಮಂಡಳಿಯು 1999ರಲ್ಲಿ ವಿದ್ಯುತ್ ಪ್ರಸರಣ ನಿಗಮವಾಯಿತು. 2002ರಲ್ಲಿ ವಿತರಣೆಯ ಹೊಣೆ ಬೆಸ್ಕಾಂ ಮೊದಲಾದ ಕಂಪನಿಗಳಿಗೆ ಸೇರಿತು. ದರಪಟ್ಟಿಗಳು ಎಷ್ಟೋ ಬಾರಿ ಬದಲಾದವು. ಹೆಸರು ಮಾತ್ರ ಬಿಲ್ಲಿನ ಮೇಲೆ ಉಳಿದುಕೊಂಡಿತು.

ವಿಪರ್ಯಾಸವೆಂದರೆ, ಹೆಸರಿನಲ್ಲಿ ‘ಎಲ್ಲವೂ ವಿದ್ಯುತ್’ ಎಂದಿರುವ ಈ ಮನೆಗಳ ಅಡುಗೆಮನೆಯಲ್ಲಿ ದಶಕಗಳಿಂದ ಉರಿಯುತ್ತಿರುವುದು ಸಿಲಿಂಡರಿನ ಅನಿಲ. ಗ್ಯಾಸ್ ಸಂಪರ್ಕಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ದಿನಗಳಲ್ಲಿ ಸುರುಳಿತಂತಿಯ ಒಲೆಯೂ ಸೀಮೆಎಣ್ಣೆ ಸ್ಟೌವೂ ಅಡುಗೆಮನೆಯ ಆಧಾರವಾಗಿದ್ದವು. ಅನಿಲ ಸುಲಭವಾಗಿ ಸಿಗತೊಡಗಿದ ಮೇಲೆ, ವಿದ್ಯುತ್ ಕಡಿತದ ಕಾಟವೂ ಸೇರಿ, ಸುರುಳಿ ಒಲೆ ಅಟ್ಟ ಸೇರಿತು. ಈಗ ಇಂಡಕ್ಷನ್ ಒಲೆಯ ರೂಪದಲ್ಲಿ ವಿದ್ಯುತ್ತು ಮತ್ತೆ ಅಡುಗೆಮನೆಗೆ ಬರುತ್ತಿದೆ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನ ಜಾಗಕ್ಕೆ ವಿದ್ಯುತ್ ಗೀಸರು, ಹೀಟ್ ಪಂಪುಗಳು ಬರುತ್ತಿವೆ. ಹಳೆಯ ಹೆಸರಿಗೆ ಮನೆ ಮತ್ತೆ ಹೊಂದಿಕೊಳ್ಳುವ ಕಾಲವಿದು. ಆದರೆ ಈ ಬದಲಾವಣೆ ಮನೆಯವರಿಗೆ ಲಾಭವೇ ನಷ್ಟವೇ ಎಂಬುದು ಒಲೆಯ ಮೇಲೆ ತೀರ್ಮಾನವಾಗುವುದಿಲ್ಲ, ಮೀಟರ್ ಬೋರ್ಡಿನ ಮುಂದೆ ತೀರ್ಮಾನವಾಗುತ್ತದೆ. ಒಲೆ ಮಾರುವವರೂ, ಪಾತ್ರೆ ಮಾಡುವವರೂ, ವೈರಿಂಗ್ ಗುತ್ತಿಗೆ ಹಿಡಿಯುವವರೂ ನಮ್ಮಲ್ಲಿ ಇರುವುದರಿಂದ ಈ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳಿತು.

ಒಂದು ಸಿಲಿಂಡರಿನ ಸಮಾನ

ಗೃಹಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಒಂದು ಕಿಲೋ ಎಲ್.ಪಿ.ಜಿ. ಉರಿದರೆ ಹೆಚ್ಚುಕಡಿಮೆ 12.7 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬರುತ್ತದೆ. ಅಂದರೆ ಒಂದು ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ಟಿನಷ್ಟು ಶಕ್ತಿ ಅಡಗಿದೆ. ಆದರೆ ಅದೆಲ್ಲವೂ ಪಾತ್ರೆಯೊಳಗಿನ ಅನ್ನ ಸಾರಿಗೆ ಸೇರುವುದಿಲ್ಲ. ಗ್ಯಾಸ್ ಒಲೆಯ ದಕ್ಷತೆ ಕನಿಷ್ಠ ಶೇ. 68 ಇರಬೇಕೆಂದು ಭಾರತೀಯ ಮಾನಕವು ವಿಧಿಸುತ್ತದೆ. ಅದು ಪ್ರಯೋಗಶಾಲೆಯ ಮಾತು. ಕಿಟಕಿಯ ಗಾಳಿ, ಚಿಕ್ಕ ಪಾತ್ರೆಯ ಸುತ್ತ ಮೇಲೇರುವ ಜ್ವಾಲೆ, ಮಸಿ ಕಟ್ಟಿದ ಬರ್ನರು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಮನೆಯಲ್ಲಿ ಶೇ. 60 ಸಿಕ್ಕಿದರೆ ಸಂತೋಷಪಡಬೇಕು. ಆ ಪ್ರಕಾರ ಸಿಲಿಂಡರೊಂದರಿಂದ ಅಡುಗೆಗೆ ದಕ್ಕುವುದು 108 ಯೂನಿಟ್. ಇಂಡಕ್ಷನ್ ಒಲೆಯ ದಕ್ಷತೆಯನ್ನು ಶೇ. 85 ಎಂದು ಹಿಡಿದರೆ ಅಷ್ಟೇ ಅಡುಗೆಗೆ 127 ಯೂನಿಟ್ ವಿದ್ಯುತ್ ಬೇಕು.

ಇನ್ನು ಬೆಲೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2025-26ನೆಯ ಸಾಲಿಗೆ ಗೃಹಬಳಕೆಗೆ ಯೂನಿಟ್ಟಿಗೆ ರೂ. 5.80 ನಿಗದಿ ಮಾಡಿತು. ಇದರ ಮೇಲೆ ಶೇ. 9ರ ವಿದ್ಯುತ್ ತೆರಿಗೆ, ಪಿಂಚಣಿ ಮತ್ತು ಗ್ರಾಚ್ಯುಯಿಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ. ಒಟ್ಟು ಸುಮಾರು ರೂ. 6.68. ಹೀಗೆ 127 ಯೂನಿಟ್ಟಿಗೆ ತಗಲುವುದು ರೂ. 848ರ ಆಸುಪಾಸು. 2025ರ ಏಪ್ರಿಲ್‌ನಲ್ಲಿ ರೂ. 50 ಏರಿಕೆಯಾದ ನಂತರ ಬೆಂಗಳೂರಿನಲ್ಲಿ ಸಿಲಿಂಡರಿನ ಬೆಲೆ ರೂ. 855.50 ಆಯಿತು. ಎರಡೂ ಸರಿಸಮ ಎನ್ನಲು ಅಡ್ಡಿಯಿಲ್ಲ. ಮಹಡಿ ಹತ್ತಿಸಿಕೊಟ್ಟವರ ಕೈಗೆ ಇಡುವ ಹಣವನ್ನು ಸೇರಿಸಿದರೆ ವಿದ್ಯುತ್ತಿನ ತಕ್ಕಡಿ ಕೊಂಚ ಮೇಲೇಳುತ್ತದೆ, ಅಷ್ಟೆ.

ಈ ಸಮತೂಕ ಎಷ್ಟು ಚಂಚಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇದೇ ಬೆಂಗಳೂರಿನಲ್ಲಿ 2023ರ ಜುಲೈನಲ್ಲಿ ಸಿಲಿಂಡರಿಗೆ ರೂ. 1105.50 ಇತ್ತು. ಆಗಸ್ಟ್ ಕೊನೆಯಲ್ಲಿ ಇನ್ನೂರು ಇಳಿಯಿತು. 2024ರ ಮಾರ್ಚ್‌ನಲ್ಲಿ ಮತ್ತೆ ನೂರು ಇಳಿದು ರೂ. 805.50ಕ್ಕೆ ನಿಂತಿತು. ಮೊದಲಿನ ದರದಲ್ಲಿ ಇಂಡಕ್ಷನ್ ಒಲೆ ಸ್ಪಷ್ಟವಾಗಿ ಗೆಲ್ಲುತ್ತದೆ. ಕೊನೆಯ ದರದಲ್ಲಿ ಸೋಲುತ್ತದೆ. ದೇಶವು ಬಳಸುವ ಎಲ್.ಪಿ.ಜಿ.ಯಲ್ಲಿ ಶೇ. 60ರಷ್ಟು ಆಮದು. ಅದರ ಬಹುಪಾಲು ಪಶ್ಚಿಮ ಏಷ್ಯಾದಿಂದ ಹಾರ್ಮುಜ್ ಜಲಸಂಧಿಯನ್ನು ದಾಟಿ ಬರಬೇಕು. ವಿದ್ಯುತ್ ದರವಾದರೋ ವರ್ಷಕ್ಕೊಮ್ಮೆ, ಸಾರ್ವಜನಿಕ ವಿಚಾರಣೆಯ ನಂತರ, ಪೈಸೆಗಳ ಲೆಕ್ಕದಲ್ಲಿ ಬದಲಾಗುತ್ತದೆ. ಮನೆಯ ಖರ್ಚಿನಲ್ಲಿ ಸ್ಥಿರತೆ ಬಯಸುವವರಿಗೆ ಇದೊಂದು ಗಟ್ಟಿಯಾದ ಕಾರಣ. ಮುಚ್ಚಿದ ಅಡುಗೆಮನೆಯಲ್ಲಿ ಉರಿಯುವ ಜ್ವಾಲೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಇಲ್ಲದಿರುವುದು ಇನ್ನೊಂದು. ಉಳಿತಾಯ ಎಂಬ ಕಾರಣವನ್ನು ಮಾತ್ರ ಜಾಹೀರಾತಿನಷ್ಟು ಧೈರ್ಯದಿಂದ ಹೇಳಲಾಗದು.

ಮೀಟರ್ ಬೋರ್ಡಿನ ಮುಂದೆ

ಮೇಲಿನ ಲೆಕ್ಕದಲ್ಲಿ ನಿಗದಿತ ಶುಲ್ಕವನ್ನು ಬೇಕೆಂದೇ ಬಿಟ್ಟಿದ್ದೆ. 2025-26ರಲ್ಲಿ ಅದು ಮಂಜೂರಾದ ಹೊರೆಯ ಪ್ರತಿ ಕಿಲೋವಾಟಿಗೆ ತಿಂಗಳಿಗೆ ರೂ. 145. ಮಧ್ಯಮ ವರ್ಗದ ಅನೇಕ ಮನೆಗಳ ಮಂಜೂರಾದ ಹೊರೆ ಎರಡು ಅಥವಾ ಮೂರು ಕಿಲೋವಾಟ್. ಬೆಳಗಿನ ಏಳು ಗಂಟೆಯ ಹೊತ್ತಿಗೆ ಅಲ್ಲಿ ಏನೇನು ನಡೆಯುತ್ತದೆ ಎಂದು ಎಣಿಸಿ ನೋಡೋಣ. ಬಚ್ಚಲಿನಲ್ಲಿ ಗೀಸರು 2 ಕಿಲೋವಾಟ್, ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ 2 ಕಿಲೋವಾಟ್, ಚಟ್ನಿಗೆ ಮಿಕ್ಸಿ ಮುಕ್ಕಾಲು ಕಿಲೋವಾಟ್, ಜೊತೆಗೆ ಫ್ರಿಜ್ಜು, ನೀರೆತ್ತುವ ಪಂಪು. ಐದು ಕಿಲೋವಾಟ್ ದಾಟಿತು. ಮೂರರಿಂದ ಐದಕ್ಕೆ ಹೊರೆ ಹೆಚ್ಚಿಸಿಕೊಂಡರೆ ತಿಂಗಳಿಗೆ ರೂ. 290 ಹೆಚ್ಚು, ಒಂದು ಯೂನಿಟ್ ಬಳಸದಿದ್ದರೂ. ಸರಿಸಮವಾಗಿದ್ದ ತಕ್ಕಡಿ ಇಲ್ಲಿ ವಾಲುತ್ತದೆ.

ಹೊರೆ ಹೆಚ್ಚಿಸದೆ ಸುಮ್ಮನಿರುವವರೇ ಬಹಳ ಮಂದಿ. ಬಿಲ್ಲಿನಲ್ಲಿ ತೋರುವ ಗರಿಷ್ಠ ಬೇಡಿಕೆ ಮಂಜೂರಾತಿಯನ್ನು ಮೀರಿದಾಗ ವಿದ್ಯುತ್ ಕಂಪನಿಯಿಂದ ಸೂಚನಾಪತ್ರ ಬರುತ್ತದೆ ಎಂಬ ಭಯ ಒಂದು ಕಡೆಗಿರಲಿ. ಅದಕ್ಕಿಂತ ಹೆಚ್ಚಿನ ಅಪಾಯ ಗೋಡೆಯೊಳಗಿದೆ. ಎರಡು ಕಿಲೋವಾಟ್ ಒಲೆ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 8.7 ಆಂಪಿಯರ್. ಹಳೆಯ ಮನೆಗಳ ಅಡುಗೆಕಟ್ಟೆಯ ಮೇಲಿರುವುದು ಮಿಕ್ಸಿಗೆಂದು ಹಾಕಿಸಿದ 5 ಅಥವಾ 6 ಆಂಪಿಯರ್ ಸಾಕೆಟ್. ಈ ಲೇಖಕನ ಮನೆಯಲ್ಲಿಯೇ ಇದರ ಪಾಠವಾಯಿತು. ಒಲೆ ಕೊಂಡ ಉತ್ಸಾಹದಲ್ಲಿ, ದೊಡ್ಡ ಪಿನ್ನಿನ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹೊಂದಿಸುವ ಹತ್ತು ಹದಿನೈದು ರೂಪಾಯಿಯ ಪರಿವರ್ತಕವೊಂದನ್ನು ಸಿಕ್ಕಿಸಿ, ಮೂರು ವಾರ ಅಡುಗೆ ನಡೆಸಿದೆವು. ನಾಲ್ಕನೆಯ ವಾರ ಮನೆಯಾಕೆ, “ಏನೋ ಸುಟ್ಟ ವಾಸನೆ, ಒಲೆಯ ಮೇಲೆ ಏನೂ ಇಲ್ಲವಲ್ಲ” ಎಂದರು. ಪರಿವರ್ತಕ ಕರಗಿ ಸಾಕೆಟ್ಟಿಗೆ ಅಂಟಿಕೊಂಡಿತ್ತು. ವಿದ್ಯುತ್ ಸಾಮಗ್ರಿಗಳನ್ನೇ ಮಾರಿ ಬದುಕುವವನ ಮನೆಯ ಕಥೆ ಇದು. ನಗುವವರು ನಗಬಹುದು.

ಸರಿಯಾದ ವಿಧಾನದಲ್ಲಿ ಗುಟ್ಟೇನೂ ಇಲ್ಲ. ವಿತರಣಾ ಪೆಟ್ಟಿಗೆಯಿಂದ ಅಡುಗೆಕಟ್ಟೆಗೆ ಪ್ರತ್ಯೇಕ ಸರ್ಕ್ಯೂಟ್, 4 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್, ಅದಕ್ಕೆ ತಕ್ಕ ಎಂ.ಸಿ.ಬಿ., ಇಡೀ ಮನೆಗೆ ಸೋರಿಕೆ ಪತ್ತೆಹಚ್ಚುವ ಆರ್.ಸಿ.ಸಿ.ಬಿ., ಮತ್ತು ನಿಜವಾಗಿ ಭೂಮಿಯನ್ನು ಮುಟ್ಟುವ ಅರ್ಥಿಂಗ್. ಕೊನೆಯದನ್ನು ಒತ್ತಿ ಹೇಳುತ್ತಿದ್ದೇನೆ. ಬೋರ್ಡಿನಲ್ಲಿ ಹಸಿರು ತಂತಿ ಕಂಡ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ತಿಳಿಯಬಾರದು. ಅದರ ಇನ್ನೊಂದು ತುದಿ ಎಲ್ಲಿ ಹೋಗಿದೆ ಎಂಬುದನ್ನು ನೋಡಬೇಕು. ಅಲ್ಯೂಮಿನಿಯಂ ತಂತಿಯ ವೈರಿಂಗ್ ಇರುವ ಮನೆಗಳಲ್ಲಿ ಒಲೆಯ ಮಾತು ಎತ್ತುವ ಮುನ್ನ ವೈರಿಂಗಿನ ಮಾತು ಎತ್ತುವುದೇ ವ್ಯಾಪಾರಿಗೆ ಮರ್ಯಾದೆ. ಒಲೆ ಮಾರಾಟದಲ್ಲಿ ಅಂಗಡಿಯವನಿಗೆ ಉಳಿಯುವುದು ಎಷ್ಟೆಂಬುದು ನಮಗೆಲ್ಲ ಗೊತ್ತು. ಆನ್‌ಲೈನ್ ಮಾರಾಟದ ಮುಂದೆ ಆ ಅಂಚು ಇನ್ನೂ ತೆಳ್ಳಗಾಗಿದೆ. ತಂತಿ, ಸಾಕೆಟ್, ಎಂ.ಸಿ.ಬಿ., ಕೂಲಿ ಸೇರಿದ ಕೆಲಸವನ್ನು ಮಾತ್ರ ಯಾವ ಪಾರ್ಸೆಲ್ಲಿನವರೂ ಬಾಗಿಲಿಗೆ ತಂದು ಮಾಡಿಕೊಡಲಾರರು.

ಅವಸರದ ಮಾರಾಟ ಏನು ಮಾಡುತ್ತದೆ ಎಂಬುದಕ್ಕೆ ನೆರೆಯ ನೇಪಾಳದ ಉದಾಹರಣೆಯಿದೆ. ಅಡುಗೆ ಅನಿಲಕ್ಕೆ ಪೂರ್ತಿಯಾಗಿ ಭಾರತವನ್ನೇ ನೆಚ್ಚಿರುವ ಆ ದೇಶಕ್ಕೆ 2015ರ ಸೆಪ್ಟೆಂಬರಿನಿಂದ ಕೆಲವು ತಿಂಗಳು ಗಡಿಯ ಸಾಗಣೆ ನಿಂತುಹೋಯಿತು. ಜನರು ಇಂಡಕ್ಷನ್ ಒಲೆಗಳಿಗೆ ಮುಗಿಬಿದ್ದರು. ಲೈನುಗಳೂ ಟ್ರಾನ್ಸ್‌ಫಾರ್ಮರುಗಳೂ ಅಷ್ಟು ಹೊರೆಗೆ ಸಿದ್ಧವಾಗಿರಲಿಲ್ಲ. ಒಲೆ ಇದ್ದರೂ ಅಡುಗೆಯಾಗದ ಪರಿಸ್ಥಿತಿ ಎಷ್ಟೋ ಮನೆಗಳಿಗೆ ಬಂತು.

ಬಚ್ಚಲುಮನೆಯಿಂದ ಆರಂಭ

ಯುರೋಪಿನ ದೇಶಗಳಲ್ಲಿ ಅನಿಲ ಬಿಡುವ ಪ್ರಶ್ನೆ ಎಂದರೆ ಮುಖ್ಯವಾಗಿ ಕೋಣೆ ಬೆಚ್ಚಗಿಡುವ ಪ್ರಶ್ನೆ. ನೆದರ್ಲೆಂಡ್ಸ್ 2018ರ ಜುಲೈನಿಂದ ಹೊಸ ಮನೆಗಳಿಗೆ ಅನಿಲದ ಕೊಳವೆ ಕೊಡುವುದನ್ನು ನಿಲ್ಲಿಸಿತು. ಅಲ್ಲಿನ ಗ್ರೋನಿಂಗನ್ ಅನಿಲ ನಿಕ್ಷೇಪದಿಂದ ಭೂಕಂಪನಗಳಾಗುತ್ತಿದ್ದುದರಿಂದ 2024ರಲ್ಲಿ ಅದನ್ನು ಕಾನೂನಿನ ಮೂಲಕ ಶಾಶ್ವತವಾಗಿ ಮುಚ್ಚಲಾಯಿತು. ನಮಗೆ ಕೋಣೆ ಕಾಯಿಸುವ ಗೊಡವೆಯಿಲ್ಲ. ನಮ್ಮ ಮನೆಗಳಲ್ಲಿ ಅಡುಗೆ ಬಿಟ್ಟರೆ ಶಾಖ ಬೇಡುವುದು ಸ್ನಾನದ ನೀರು. (ಮಲೆನಾಡಿನಲ್ಲಿ ಅಡಿಕೆ ಸಿಪ್ಪೆ, ಸೌದೆ ಹಾಕಿ ಹಂಡೆ ಕಾಯಿಸುವವರಿಗೆ ಈ ಇಡೀ ಚರ್ಚೆ ಪೇಟೆಯವರ ಚಿಂತೆಯಾಗಿ ಕಂಡೀತು. ಅವರ ನಗುವೂ ನ್ಯಾಯವೇ.)

ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ಟಿಗೆ ತುಸು ಕಡಿಮೆ ಶಾಖ ಸಾಕು. ನಾಲ್ಕು ಜನರ ಮನೆಗೆ ದಿನಕ್ಕೆ ನಾಲ್ಕು ಬಕೆಟ್ ಎಂದಿಟ್ಟುಕೊಂಡರೆ, ಗೀಸರಿನ ತೊಟ್ಟಿಯಿಂದ ಆಗುವ ಶಾಖನಷ್ಟವೂ ಸೇರಿ, ತಿಂಗಳಿಗೆ ಸುಮಾರು 65 ಯೂನಿಟ್. ಇದೇ ಕೆಲಸಕ್ಕೆ ಗ್ಯಾಸ್ ಗೀಸರು ತಿಂಗಳಿಗೆ ಸುಮಾರು ಐದೂವರೆ ಕಿಲೋ ಅನಿಲ ನುಂಗುತ್ತದೆ, ಅಂದರೆ ರೂ. 330ರಷ್ಟು. ಗಾಳಿ ಹೊರಹೋಗುವ ದಾರಿಯಿಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನಿಂದ ಇಂಗಾಲದ ಮಾನಾಕ್ಸೈಡ್ ಶೇಖರವಾಗಿ ಪ್ರಾಣಹಾನಿಯಾದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮನೆಯಲ್ಲಿ ಯಾವುದನ್ನು ಮೊದಲು ಬದಲಾಯಿಸಬೇಕು ಎಂದು ಗ್ರಾಹಕರು ಕೇಳಿದರೆ, ನಾನು ಒಲೆಯ ಹೆಸರು ಹೇಳುವುದಿಲ್ಲ. ಬಚ್ಚಲಿನೊಳಗಿನ ಗ್ಯಾಸ್ ಗೀಸರಿನ ಹೆಸರು ಹೇಳುತ್ತೇನೆ.

ಅದರ ಜಾಗದಲ್ಲಿ ಏನನ್ನು ತರಬೇಕು? ಬಿಸಿಲು ಬೀಳುವ ತಾರಸಿ ತಮ್ಮದೇ ಆಗಿರುವವರಿಗೆ ಸೌರ ನೀರುಕಾಯಿಸುವ ಸಾಧನಕ್ಕಿಂತ ಅಗ್ಗವಾದುದು ಇಲ್ಲ. ಬೆಂಗಳೂರಿನ ಮನೆಗಳ ನೆತ್ತಿಯ ಮೇಲೆ ಅವು ಸಾಲಾಗಿ ನಿಂತಿರುವುದನ್ನು ಹೊರ ಊರಿನವರು ಬೆರಗಿನಿಂದ ನೋಡುತ್ತಾರೆ. ಬಹುಮಹಡಿ ಕಟ್ಟಡದವರಿಗೆ, ತಾರಸಿಯ ಹಕ್ಕಿಲ್ಲದವರಿಗೆ ಹೀಟ್ ಪಂಪ್ ಗೀಸರು ಇದೆ. ಇದು ತಿರುಗಾಮುರುಗಾ ಮಾಡಿದ ಫ್ರಿಜ್ಜು. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿಗೆ ತುಂಬುತ್ತದೆ. ನಮ್ಮ ಹವೆಯಲ್ಲಿ ಸಾಮಾನ್ಯ ಗೀಸರಿನ ಮೂರನೆಯ ಒಂದು ಭಾಗದಷ್ಟು ವಿದ್ಯುತ್ತಿನಲ್ಲಿ ಅದೇ ಕೆಲಸ ಮುಗಿಯುತ್ತದೆ. 65 ಯೂನಿಟ್ ಬೇಕಾದಲ್ಲಿ 22. ಬೆಲೆ ಮಾತ್ರ ಸಾಮಾನ್ಯ ಗೀಸರಿನ ಹಲವು ಪಟ್ಟು. ಆ ವ್ಯತ್ಯಾಸ ಹುಟ್ಟುತ್ತದೆಯೇ ಎಂಬುದಕ್ಕೆ ಉತ್ತರ ಮುಂದಿನ ಲೆಕ್ಕದಲ್ಲಿದೆ.

ಇನ್ನೂರು ಯೂನಿಟ್ಟಿನ ಮೆಟ್ಟಿಲು

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈನಿಂದ ಜಾರಿಯಾಯಿತು. ತಿಂಗಳಿಗೆ 200 ಯೂನಿಟ್ ವರೆಗೆ ಉಚಿತ ಎಂದು ಎಲ್ಲರೂ ಸಂಕ್ಷೇಪವಾಗಿ ಹೇಳುತ್ತಾರೆ. ವಾಸ್ತವದಲ್ಲಿ ಪ್ರತಿ ಮನೆಗೂ ಅದರದೇ ಮಿತಿಯಿದೆ: 2022-23ನೆಯ ಸಾಲಿನ ಮಾಸಿಕ ಸರಾಸರಿ, ಅದರ ಮೇಲೆ ಶೇ. 10. ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇರುವವರಿಗೆ ಶೇ. 10ರ ಬದಲು 10 ಯೂನಿಟ್ ಕೊಡುವ ತಿದ್ದುಪಡಿ 2024ರ ಜನವರಿಯಲ್ಲಿ ಬಂತು. ಮಿತಿಯನ್ನು ಮೀರಿ, ಆದರೆ 200ರ ಒಳಗೆ ಬಳಸಿದರೆ ಮೀರಿದ ಯೂನಿಟ್ಟಿಗೆ ಮಾತ್ರ ಹಣ. ಒಟ್ಟು ಬಳಕೆ 200 ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕು.

ಅನಿಲದಿಂದ ವಿದ್ಯುತ್ತಿಗೆ ಬರುವ ಮನೆಗೆ ಈ ನಿಯಮ ಹೇಗೆ ತಾಗುತ್ತದೆ ಎಂಬುದನ್ನು ಒಂದು ಮನೆಯ ಲೆಕ್ಕದಿಂದ ನೋಡೋಣ. 2022-23ರಲ್ಲಿ ಆ ಮನೆಯ ಸರಾಸರಿ ಬಳಕೆ 90 ಯೂನಿಟ್, ಹಾಗಾಗಿ ಉಚಿತ ಮಿತಿ 99. ಅಡುಗೆಗೆ ಒಂದೂವರೆ ತಿಂಗಳಿಗೊಂದು ಸಿಲಿಂಡರ್, ತಿಂಗಳ ಲೆಕ್ಕದಲ್ಲಿ ರೂ. 570. ಗ್ಯಾಸ್ ಗೀಸರಿಗೆ ರೂ. 330. ಅನಿಲಕ್ಕೆ ಒಟ್ಟು ರೂ. 900, ವಿದ್ಯುತ್ತಿಗೆ ಶೂನ್ಯ.

ಮೊದಲು ಒಲೆಯನ್ನಷ್ಟೇ ಬದಲಾಯಿಸಿದರು ಎನ್ನಿ. ಅಡುಗೆಗೆ 85 ಯೂನಿಟ್ ಸೇರಿ ಬಳಕೆ 175 ಆಗುತ್ತದೆ. ಮಿತಿ ಮೀರಿದ 76 ಯೂನಿಟ್ಟಿಗೆ ಸುಮಾರು ರೂ. 508. ಒಲೆಯ ಅನಿಲಕ್ಕೆ ಕೊಡುತ್ತಿದ್ದ 570ಕ್ಕಿಂತ ಕಡಿಮೆಯೇ. ಉತ್ತೇಜಿತರಾಗಿ ಸಾಮಾನ್ಯ ವಿದ್ಯುತ್ ಗೀಸರನ್ನೂ ಹಾಕಿಸಿದರು. ಬಳಕೆ 240 ಯೂನಿಟ್. ಈಗ ಉಚಿತವೆಂಬುದೇ ಇಲ್ಲ. 240 ಯೂನಿಟ್ಟಿಗೆ ರೂ. 1603, ಮೂರು ಕಿಲೋವಾಟಿನ ನಿಗದಿತ ಶುಲ್ಕ ರೂ. 435, ಒಟ್ಟು ರೂ. 2038. ಮೊದಲಿದ್ದ 900ರ ಎರಡು ಪಟ್ಟಿಗಿಂತಲೂ ಹೆಚ್ಚು. ಅದೇ ಮನೆಯವರು ಹೀಟ್ ಪಂಪ್ ಗೀಸರು ಹಾಕಿಸಿದ್ದರೆ ಬಳಕೆ 197 ಯೂನಿಟ್, ಮೀರಿದ 98 ಯೂನಿಟ್ಟಿಗೆ ಸುಮಾರು ರೂ. 655. ಸೌರ ಸಾಧನವಾದರೆ ಇನ್ನೂ ಕಡಿಮೆ. ಒಂದೇ ನೀರು, ಒಂದೇ ಬಕೆಟ್, ತಿಂಗಳಿಗೆ ರೂ. 1380ರ ಅಂತರ. ಬೇಸಿಗೆಯಲ್ಲಿ ಫ್ಯಾನು, ಕೂಲರುಗಳ ಬಳಕೆ ಏರಿದ ತಿಂಗಳು ಮೂರು ಯೂನಿಟ್ಟಿನ ಆ ಅಂಚೂ ಕೈತಪ್ಪಬಹುದು ಎಂಬುದನ್ನು ಗ್ರಾಹಕರಿಗೆ ಮುಂಚೆಯೇ ತಿಳಿಸಬೇಕು.

ಸರಾಸರಿ 130 ಯೂನಿಟ್ ಬಳಸುತ್ತಿದ್ದ ಮನೆಯಾದರೆ ಒಲೆಯೊಂದೇ ಸಾಕು, 215ಕ್ಕೆ ಏರಿ ಮೆಟ್ಟಿಲನ್ನು ದಾಟಿಸಿಬಿಡುತ್ತದೆ. ಮೊದಲಿನಿಂದಲೂ 200ಕ್ಕಿಂತ ಹೆಚ್ಚು ಬಳಸಿ ಪೂರ್ತಿ ಹಣ ಕಟ್ಟುತ್ತಿರುವ ಮನೆಗಳಿಗೆ ಈ ಮೆಟ್ಟಿಲಿನ ತೊಡಕಿಲ್ಲ. ನಮ್ಮ ಅಂಗಡಿಗಳಲ್ಲಿ ಇಂಡಕ್ಷನ್ ಒಲೆ ವಿಚಾರಿಸಲು ಬರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಬ್ರಾಂಡ್ ಯಾವುದು ಎಂದಲ್ಲ, “ಬಿಲ್ಲು ಎಷ್ಟು ಯೂನಿಟ್ ಬರುತ್ತದೆ ಸ್ವಾಮಿ?” ಎಂದು.

ಪಿಎಂ ಸೂರ್ಯಘರ್ ಯೋಜನೆಯಡಿ 2024ರಿಂದ ತಾರಸಿ ಸೌರ ಫಲಕಗಳಿಗೆ ಕೇಂದ್ರದ ಸಹಾಯಧನ ದೊರೆಯುತ್ತಿದೆ: ಎರಡು ಕಿಲೋವಾಟ್ ವರೆಗೆ ಪ್ರತಿ ಕಿಲೋವಾಟಿಗೆ ರೂ. 30,000, ಮೂರು ಕಿಲೋವಾಟ್ ಮತ್ತು ಹೆಚ್ಚಿನದಕ್ಕೆ ಒಟ್ಟು ರೂ. 78,000. ನಮ್ಮ ರಾಜ್ಯದ ಬಿಸಿಲಿನಲ್ಲಿ ಒಂದು ಕಿಲೋವಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವಾಟ್ ಹಾಕಿಸಿದವರಿಗೆ ಮೇಲಿನ ಚಿಂತೆ ಬಹುಮಟ್ಟಿಗೆ ಇಲ್ಲ. ಆದರೆ ಬಿಲ್ಲು ಶೂನ್ಯವಿರುವ ಮನೆಗೆ ಫಲಕ ಮಾರುವುದು ಎಷ್ಟು ಕಷ್ಟವೆಂದು ಈ ವ್ಯಾಪಾರದಲ್ಲಿರುವ ಮಿತ್ರರನ್ನು ಕೇಳಬೇಕು.

ಇಲ್ಲಿ ದಕ್ಷಿಣ ಅಮೆರಿಕದ ಈಕ್ವೆಡಾರ್ ಮಾಡಿದ ಪ್ರಯೋಗವನ್ನು ಸ್ಮರಿಸಬಹುದು. ಅಲ್ಲಿನ ಸರ್ಕಾರ 2014ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಇಂಡಕ್ಷನ್ ಒಲೆಗೆ ಬಂದ ಮನೆಗೆ ಅಡುಗೆಗೆಂದೇ ತಿಂಗಳಿಗೆ 80 ಯೂನಿಟ್, ನೀರು ಕಾಯಿಸಲು ಇನ್ನೂ 20 ಯೂನಿಟ್ ಉಚಿತವಾಗಿ ಸೇರಿಸಿ ಕೊಡಲಾಯಿತು. ಗುರಿ ಸುಮಾರು 30 ಲಕ್ಷ ಮನೆ. ಬಂದದ್ದು ಅದರ ಕಾಲುಭಾಗದಷ್ಟು. ಏಕೆಂದರೆ 15 ಕಿಲೋ ಸಿಲಿಂಡರ್ ಅಲ್ಲಿ ಒಂದೂಮುಕ್ಕಾಲು ಡಾಲರಿಗೂ ಕಡಿಮೆ ಬೆಲೆಗೆ ಸಿಗುತ್ತಲೇ ಇತ್ತು. ಅವರ ತಪ್ಪು ಒಂದು ಬಗೆಯದು, ನಮ್ಮ ತೊಡಕು ಇನ್ನೊಂದು ಬಗೆಯದು. ಅವರು ಉಚಿತ ವಿದ್ಯುತ್ತನ್ನು ಒಲೆಗೆ ಗಂಟು ಹಾಕಿದರು. ನಾವು 2022-23ನೆಯ ಇಸವಿಗೆ ಗಂಟು ಹಾಕಿದ್ದೇವೆ. ಆ ವರ್ಷ ಅನಿಲದಲ್ಲಿ ಅಡುಗೆ ಮಾಡುತ್ತಿದ್ದವರು ಮುಂದೆಯೂ ಅನಿಲದಲ್ಲಿಯೇ ಮಾಡುವುದು ಲಾಭ ಎನ್ನುವಂತಾಗಿದೆ. ದರ ಪರಿಷ್ಕರಣೆಯ ಅರ್ಜಿಗಳ ಮೇಲೆ ಆಯೋಗವು ಸಾರ್ವಜನಿಕ ವಿಚಾರಣೆ ನಡೆಸುವಾಗ ನಮ್ಮಂಥ ಸಂಸ್ಥೆಗಳು ಕೈಗಾರಿಕಾ ದರದ ಬಗ್ಗೆಯೇ ಮಾತನಾಡಿ ಹಿಂದಿರುಗುವುದು ವಾಡಿಕೆ. ಗೃಹಬಳಕೆಯ ನಿಗದಿತ ಶುಲ್ಕದ ಬಗ್ಗೆಯೂ ಒಂದು ಮನವಿ ಸಲ್ಲಿಸಬಹುದು. ಮಿತಿಯ ವಿಷಯವನ್ನು ಸರ್ಕಾರಕ್ಕೆ ಬೇರೆಯಾಗಿ ಬರೆಯಬಹುದು.

ವಿದ್ಯುತ್ ಕಂಪನಿಗಳ ಕಡೆಯ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ರಾಜ್ಯದ ಗರಿಷ್ಠ ಬೇಡಿಕೆ 2025ರ ಮಾರ್ಚ್‌ನಲ್ಲಿ 18 ಸಾವಿರ ಮೆಗಾವಾಟ್ ದಾಟಿತು. ಹತ್ತು ಲಕ್ಷ ಮನೆಗಳು ಒಂದೇ ಹೊತ್ತಿಗೆ ಒಂದೂವರೆ ಕಿಲೋವಾಟ್ ಒಲೆ ಹೊತ್ತಿಸಿದರೆ ಅದೊಂದೇ 1500 ಮೆಗಾವಾಟ್. ಪಾವಗಡದ ಸೌರ ಉದ್ಯಾನದ ವಿದ್ಯುತ್ತು ಹೇರಳವಾಗಿ ಬರುವುದು ಮಧ್ಯಾಹ್ನ. ನಮ್ಮ ಒಲೆಗಳು ಉರಿಯುವುದು ಬೆಳಿಗ್ಗೆ ಏಳಕ್ಕೆ, ರಾತ್ರಿ ಎಂಟಕ್ಕೆ. ತೊಟ್ಟಿಯಿರುವ ಹೀಟ್ ಪಂಪು ಮಧ್ಯಾಹ್ನವೇ ನೀರು ಕಾಯಿಸಿ ಇಟ್ಟುಕೊಳ್ಳಬಲ್ಲದು. ಉಪ್ಪಿಟ್ಟನ್ನು ಹಾಗೆ ಇಟ್ಟುಕೊಳ್ಳಲಾಗದು.

ಮುದ್ದೆ, ರೊಟ್ಟಿ, ಪಾತ್ರೆ

ಲೆಕ್ಕ ಸರಿಹೋದರೂ ಅಡುಗೆಯವರ ಒಪ್ಪಿಗೆ ಬೇಕು. ಹಾಲು, ಅನ್ನ, ಬೇಳೆ, ಕಾಫಿ ಡಿಕಾಕ್ಷನ್ನಿನ ನೀರು ಇವುಗಳಲ್ಲಿ ಇಂಡಕ್ಷನ್ ಒಲೆಗೆ ಎದುರಿಲ್ಲ. ಒಗ್ಗರಣೆ ಎಷ್ಟು ಬೇಗ ಸಿಡಿಯುತ್ತದೆಂದರೆ ಮೊದಲ ವಾರ ಸಾಸಿವೆ ಸೀದೇ ಸೀಯುತ್ತದೆ. ಆದರೆ ಮುದ್ದೆಯ ಹತ್ತಿರ ಬಂದಾಗ ಗಾಜಿನ ಮೇಲ್ಮೈ ಸೋಲುತ್ತದೆ. ಹಿಟ್ಟು ಹಾಕಿ ಕೋಲಿನಿಂದ ಬಲವಾಗಿ ತಿರುವಿದರೆ ಪಾತ್ರೆ ಜಾರುತ್ತದೆ, ಕೆಳಗಿಳಿಸಿ ತಿರುವಿದರೆ ಒಲೆ ತಾನೇ ಆರಿಕೊಳ್ಳುತ್ತದೆ. ಜೋಳದ ರೊಟ್ಟಿಯ ಅಗಲವಾದ ಹಂಚಿಗೆ ಮಧ್ಯದಲ್ಲಷ್ಟೇ ಕಾವು, ಅಂಚು ಹಸಿ. ಹಪ್ಪಳ ಸುಡುವುದು, ಫುಲ್ಕಾ ಉಬ್ಬಿಸುವುದು, ಗೊಜ್ಜಿಗೆ ಬದನೆಕಾಯಿ ಸುಡುವುದು ಇವಕ್ಕೆಲ್ಲ ಜ್ವಾಲೆಯೇ ಆಗಬೇಕು. ನಮ್ಮ ಮನೆಯಲ್ಲಿ ಇದಕ್ಕೆಂದು, ಕರೆಂಟು ಹೋದ ಹೊತ್ತಿಗೆಂದು, ಒಂದು ಸಿಲಿಂಡರನ್ನು ಉಳಿಸಿಕೊಂಡಿದ್ದೇವೆ. ಪೂರ್ಣ ಎ.ಇ.ಎಚ್. ಎಂಬ ಬಿರುದು ನಮಗೂ ಸಂದಿಲ್ಲ.

ಪಾತ್ರೆ ತಯಾರಕರಿಗೂ ವರ್ತಕರಿಗೂ ನಿಜವಾದ ಕೆಲಸ ಇಲ್ಲಿದೆ. ಆಯಸ್ಕಾಂತ ಅಂಟುವ ತಳವಿಲ್ಲದಿದ್ದರೆ ಇಂಡಕ್ಷನ್ ಒಲೆ ಆ ಪಾತ್ರೆಯನ್ನು ಗುರುತಿಸುವುದೇ ಇಲ್ಲ. ಅಲ್ಯೂಮಿನಿಯಂ ಬಾಣಲೆ, ತಾಮ್ರದ ತಳದ ಪಾತ್ರೆ ಹೋಗಲಿ, ಹೆಚ್ಚು ಬೆಲೆಯ 304 ದರ್ಜೆಯ ಸ್ಟೀಲೂ ಕೆಲಸಕ್ಕೆ ಬಾರದು, ಅಗ್ಗದ ಪಾತ್ರೆಗಳಿಗೆ ಬಳಸುವ 200 ಸರಣಿಯದೂ ಬಾರದು. 430 ದರ್ಜೆಯ ತಗಡು ಬೇಕು. ಸ್ಟೀಲು, ನಡುವೆ ಅಲ್ಯೂಮಿನಿಯಂ ಬಿಲ್ಲೆ, ಕೆಳಗೆ 430ರ ತಗಡು ಎಂಬ ಮೂರು ಪದರದ ತಳವನ್ನು ಬೆಸೆಯಲು ಭಾರಿ ಪ್ರೆಸ್ಸು ಬೇಕಾಗುವುದರಿಂದ ಸಣ್ಣ ಘಟಕಗಳು ಹಿಂಜರಿಯುತ್ತವೆ. ಕೆಲವು ಘಟಕಗಳು ಸೇರಿ ಒಂದು ಪ್ರೆಸ್ಸನ್ನು ಕೂಲಿ ಕೆಲಸಕ್ಕೆ ನಡೆಸುವುದು ಅಸಾಧ್ಯವೇನಲ್ಲ. ಅಗಲ ಹಂಚಿಗೆ ಹೊಂದುವ ದೊಡ್ಡ ಸುರುಳಿಯ ಒಲೆ, ಮುದ್ದೆ ಪಾತ್ರೆ ಜಾರದಂತೆ ಹಿಡಿಯುವ ಕವೆ ಇಂಥವನ್ನು ಹೊರದೇಶದ ಯಾವ ಕಾರ್ಖಾನೆಯೂ ನಮಗಾಗಿ ಯೋಚಿಸಿ ಮಾಡುವುದಿಲ್ಲ. ಹಾರೋಹಳ್ಳಿಯಲ್ಲಿ ಸ್ಟೋವ್ ಕ್ರಾಫ್ಟ್ ಸಂಸ್ಥೆ ಇಂಡಕ್ಷನ್ ಒಲೆಗಳನ್ನು ತಯಾರಿಸುತ್ತಿದೆ. ಒಲೆ ಹೊರಗಿನಿಂದಲೇ ಬರಬೇಕೆಂಬ ಕಾಲ ಹೋಗಿದೆ.

ಕೊನೆಯದಾಗಿ ದುರಸ್ತಿಯ ಮಾತು. ಗ್ಯಾಸ್ ಒಲೆಯ ಬರ್ನರು ಕಟ್ಟಿದರೆ ಸೂಜಿ ಹಾಕಿ ಬಿಡಿಸುವವರು ಪ್ರತಿ ಊರಲ್ಲೂ ಇದ್ದಾರೆ. ಇಂಡಕ್ಷನ್ ಒಲೆಯಲ್ಲಿ ಸಾಮಾನ್ಯವಾಗಿ ಕೈಕೊಡುವುದು ಐ.ಜಿ.ಬಿ.ಟಿ. ಎಂಬ ಬಿಡಿಭಾಗ, ತಂಪು ಮಾಡುವ ಫ್ಯಾನು, ಒತ್ತುಗುಂಡಿಯ ಹಾಳೆ, ಮತ್ತು ಬೆಚ್ಚಗಿರುತ್ತದೆಂದು ಒಳಗೆ ಮನೆ ಮಾಡುವ ಜಿರಳೆಗಳಿಂದ ಕೆಡುವ ಸರ್ಕ್ಯೂಟು. ಖಾತರಿ ಅವಧಿ ಮುಗಿದ ಮೇಲೆ ತಾಲ್ಲೂಕು ಕೇಂದ್ರದ ಗ್ರಾಹಕ ಇದನ್ನು ಹೊತ್ತು ಎಲ್ಲಿಗೆ ಹೋಗಬೇಕು? ಟಿ.ವಿ. ದುರಸ್ತಿ ಮಾಡುತ್ತಿದ್ದ ಕೈಗಳು ಇಂದು ಅನೇಕ ಊರುಗಳಲ್ಲಿ ಕೆಲಸವಿಲ್ಲದೆ ಮೊಬೈಲ್ ಕವರು ಮಾರುತ್ತಿವೆ. ಅವರಿಗೆ ಈ ಸರ್ಕ್ಯೂಟು ಹೊಸದೇನಲ್ಲ. ಬೇಕಾದದ್ದು ಬಿಡಿಭಾಗಗಳ ನಂಬಿಕೆಯ ಸರಬರಾಜು ಮತ್ತು ಎರಡು ದಿನದ ತರಬೇತಿ. ಬಿಡಿಭಾಗಗಳ ಸಗಟು ವ್ಯಾಪಾರದಲ್ಲಿರುವ ನಮ್ಮ ಸದಸ್ಯರು ತಾಲ್ಲೂಕಿಗೊಬ್ಬ ರಿಪೇರಿಯವರನ್ನು ಗುರುತಿಸಿ ಇಟ್ಟುಕೊಂಡರೆ, ಒಲೆ ಮಾರುವ ಅಂಗಡಿಯವರು ಬಿಲ್ಲಿನ ಹಿಂಬದಿಯಲ್ಲಿ ಅವರ ಹೆಸರು ಬರೆದುಕೊಡಬಹುದು.